ಉಡಿ ಹೊಳ್ಳಿ ಕಳಿಸಿದ ಸಮುದ್ರ

ರೊಟ್ಟಿ ಬಡಿಯುತ್ತಿದ್ದೆ. ಮಗ್ಗದ ಶೆಡ್ಡಿನಿಂದ ಮನೆಗೆ ಬಂದ ನಮ್ಮ ಯಜಮಾನರು, ಕೊಂಕಣದ ಮಾಲವಣದ ಕಡೆ ಒಂದು ಸಣ್ಣ ಕಡಲತೀರವಿದೆಯಂತೆ, ನೀರಿನ ತನಕ ಇಳಿಜಾರು ಹಾದಿ ಕಟ್ಟಿದ್ದಾರಂತೆ, ಗಾಲಿಕುರ್ಚಿಯೂ ಹೋಗುತ್ತದಂತೆ ಎಂದರು. ಮೊಣಕಾಲು ಸೋತ ನಮ್ಮತ್ತೆಗೆ ಒಮ್ಮೆಯಾದರೂ ಸಮುದ್ರದಲ್ಲಿ ಕಾಲಿಡಬೇಕೆಂಬ ಆಸೆ. ಕೇಳುತ್ತ ನಿಂತಿದ್ದಕ್ಕೆ ಒಂದು ರೊಟ್ಟಿ ಕರಕಾಯಿತು. ಒಂದೇ ಆಯಿತಲ್ಲ, ಶಿವನ ದಯೆ.

ಅತ್ತೆಯನ್ನು ಕರೆದುಕೊಂಡು ಹೊರಟೇಬಿಟ್ಟೆವು. ಗಡಹಿಂಗ್ಲಜ ದಾಟಿ ಘಟ್ಟ ಇಳಿಯುವಾಗ ಯಾರಿಗೂ ವಾಂತಿ ಆಗಲಿಲ್ಲ. ಅದೂ ಅವನ ದಯೆಯೇ.

ಎರಡು ಗುಡ್ಡಗಳ ನಡುವೆ ಬೊಗಸೆಯಷ್ಟು ನೀರು, ಬಂಡೆಯ ಮೇಲೊಂದು ಗರುಡ. ಮುಳುಗಿ ಮೀನು ನೋಡುವವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಬಾತುಕೋಳಿಯಂತೆ ನಡೆಯುತ್ತಿದ್ದರು.

"ಗ್ಯಾಸ್ ಹೊತ್ತಾರಲ್ಲೋ, ಒಳಗ ಅಡಗಿ ಮಾಡತಾರೇನು?" ಎಂದರು ಅತ್ತೆ.

ನಮ್ಮಲ್ಲಿ ನೀರಿಗಿಳಿಯುವ ಮೊದಲು ಗಂಗವ್ವನ ಉಡಿ ತುಂಬಬೇಕು. ಖಣದ ಬಟ್ಟೆಯಲ್ಲಿ ತೆಂಗಿನಕಾಯಿ ಕಟ್ಟಿ ನಮ್ಮೂರ ಪಂಚಗಂಗೆ ಹೊಳೆಗೆ ಬಿಟ್ಟರೆ ತೇಲಿ ಹೋಗುತ್ತದೆ. ಇಲ್ಲಿ ಯಜಮಾನರು ಬಿಟ್ಟ ಗಂಟು ತೆರೆಯೊಂದಿಗೆ ಬಂದು ಅತ್ತೆಯ ಗಾಲಿಕುರ್ಚಿಗೆ ಬಡಿಯಿತು. ಎಸೆದರು. ಮತ್ತೆ ಬಂತು.

ಅತ್ತೆಯ ಮುಖ ಸಪ್ಪಗಾಯಿತು. "ಆಕಿ ಒಲ್ಲೆ ಅಂದ್ಲಲ್ಲೋ! ಉಡಿ ಒಲ್ಲೆ ಅಂದಾಕಿ ನೀರಾಗ ನಾ ಕಾಲ ಇಡಂಗಿಲ್ಲ. ನಡಿ ಮನಿಗೆ."

"ಅವ್ವಾ, ತೆರಿ ಐತಿ ಅದು. ಏನ ಒಗದರೂ ಹೊಳ್ಳಿ ತರತೈತಿ."

"ನಿಮ್ಮಪ್ಪನೂ ಹಿಂಗ, ಎಲ್ಲಾದಕ್ಕೂ ಒಂದೊಂದು ಕಾರಣ ಹೇಳತಿದ್ದ!"

ಇಷ್ಟು ದೂರ ಬಂದು ಒಣಗಾಲಲ್ಲಿ ಹಿಂದಿರುಗುವುದೇ? ಕರಿ ರಬ್ಬರಿನ ಅಂಗಿ ತೊಟ್ಟ ಹುಡುಗಿಯೊಬ್ಬಳು ಮುಳುಗಲು ಹೊರಟಿದ್ದಳು. ಈ ಉಡಿಯನ್ನು ಕೆಳಗೆ ಮುಟ್ಟಿಸುತ್ತೀಯಾ ಎಂದು ಮರಾಠಿಯಲ್ಲಿ ಕೇಳಿದೆ. ಬಟ್ಟೆಯನ್ನು ಅಲ್ಲೇ ಬಿಟ್ಟರೆ ಅದರಲ್ಲಿ ಮೀನು ಸಿಕ್ಕಿಬೀಳುತ್ತವೆ, ಮುಟ್ಟಿಸಿ ವಾಪಸು ತರುತ್ತೇನೆ ಎಂದಳು.

"ಹೆಣ್ಣಮಗಳು, ಹಂಗ ಕಳಸಬಾರದು," ಎಂದು ಅತ್ತೆ ಕುಂಕುಮ ತೆಗೆದರು. ರಬ್ಬರಿನ ಟೋಪಿಯಲ್ಲಿ ಹಣೆ ಕಾಣಲಿಲ್ಲ. ಕಣ್ಣಿನ ಗಾಜಿಗೇ ಹಚ್ಚಿದರು. ಪಾಪ, ಒರೆಸಿಕೊಳ್ಳದೆಯೇ ಮುಳುಗಿದಳು.

ಮೇಲೆ ಬಂದವಳು ತೊಯ್ದ ಗಂಟನ್ನು ಅತ್ತೆಯ ಮಡಿಲಿಗಿಟ್ಟು, ತಳದ ಮರಳಿಗೆ ಮುಟ್ಟಿಸಿದೆ ಎಂದಳು.

"ಏನಂದ್ಲು ಗಂಗವ್ವ?" ಅತ್ತೆ ಮರಾಠಿಯಲ್ಲಿ ಪಟ್ಟು ಹಿಡಿದು ಕೇಳಿದರು.

ಹುಡುಗಿ ಕಣ್ಣಿನ ಗಾಜು ಮೇಲೆ ಸರಿಸಿ, "ಅಜ್ಜಿ ಯಾಕೆ ಇನ್ನೂ ಬಂದಿಲ್ಲ ಅಂದಳು," ಎಂದಳು.

ಅತ್ತೆ ಸೀರೆಯ ನೆರಿಗೆ ಮೇಲೆತ್ತಿಕೊಂಡರು. ಕುರ್ಚಿಯನ್ನು ನೀರಿಗೆ ನೂಕಿದ್ದು ಸುಲಭವಾಯಿತು. ಹೊರಗೆ ತರುವುದೇ ಆಗಲಿಲ್ಲ. "ಇನ್ನೊಂದ ತೆರಿ ಬರಲಿ ತಡಿಯೋ," ಎನ್ನುತ್ತ ಹೊತ್ತು ಮುಳುಗುವ ತನಕ ಕೂತರು.

ಮರುದಿನ ಮನೆಯಲ್ಲಿ ಅತ್ತೆಯ ಸೀರೆ ಝಾಡಿಸಿದರೆ ಬಚ್ಚಲ ತುಂಬ ಮರಳು. ಬಾಚಿ ಹೊರಗೆ ಹಾಕಿ, ಸೀರೆಯನ್ನು ಸೋಪಿನ ನೀರಲ್ಲಿ ನೆನೆಯಿಟ್ಟೆ.