ಕಾದ ಕಬ್ಬಿಣ ಮತ್ತು ಒಂದು ಬಾಟಲಿ ಕ್ಯಾಲ್ಸಿಯಂ

ಕೇಳಿ ಗೆಳೆಯರೇ, ಇವತ್ತು ನಾನು ಗೆದ್ದೆ!

ವಳಕಮದಿನ್ನಿಯ ನಮ್ಮ ದೊಡ್ಡಪ್ಪನ ಎಮ್ಮೆ ನಿನ್ನೆ ಕರು ಹಾಕಿದೆ. ಬೆಳಿಗ್ಗೆ ನೋಡಿದರೆ ಏಳಲೊಲ್ಲದು. ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ಹೊರಳಿತ್ತು. ಸೊಂಟ ಹಿಡಿದಿದೆಯೆಂದು ಎರಡು ದಿನದಿಂದ ಮಂಚ ಬಿಟ್ಟೇಳದ ದೊಡ್ಡಪ್ಪ ಅಲ್ಲಿಂದಲೇ ಹುಕುಂ ಹೊರಡಿಸಿದರು: “ಕಬ್ಬಿಣ ಕಾಯಾಕ ಇಡ್ರಿ. ಮೈಮ್ಯಾಲೆ ಬರಿ ಎಳದ್ರ ಎದ್ದು ನಿಲ್ತೈತಿ.”

“ಬರಿ ಬ್ಯಾಡ್ರಿ ದೊಡ್ಡಪ್ಪ, ಮೈಯಾಗ ಕ್ಯಾಲ್ಸಿಯಂ ಕಮ್ಮಿ ಆಗೈತಿ,” ಎಂದೆ.

“ನೀ ಇನ್ನಾ ಕಲಿಯಾಕತ್ತೀ. ನಮ್ಮ ಎಮ್ಮಿ ಮ್ಯಾಲೆ ಕಲಿಬ್ಯಾಡ!”

ಪಶುವೈದ್ಯಕೀಯ ಕೊನೆಯ ವರ್ಷದವಳಿಗೆ ಈ ಮಾತು! ಸಿಂಧನೂರಿನ ಡಾಕ್ಟರನ್ನು ಫೋನಿನಲ್ಲಿ ಕೇಳಿಕೊಂಡು, ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ತರಿಸಿ, ಕತ್ತಿನ ನರಕ್ಕೆ ಸೂಜಿ ಹಾಕಿ ಬಾಟಲಿ ಹಿಡಿದು ನಿಂತೆ. ಅದು ಖಾಲಿಯಾದ ಸ್ವಲ್ಪ ಹೊತ್ತಿಗೆ ಎಮ್ಮೆ ತೇಗಿತು, ಸಗಣಿ ಹಾಕಿತು, ಎದ್ದು ಕರುವಿನ ಕಡೆ ನಡೆಯಿತು.

ದೊಡ್ಡಪ್ಪ ಸೋಲುವವರೇ? “ಕಾದ ಕಬ್ಬಿಣ ನೋಡಿ ಹೆದರಿ ಎದ್ದೈತಿ ಬಿಡು.”

ದೊಡ್ಡವ್ವ ಒಲೆಯಿಂದ ಕಬ್ಬಿಣ ಹಿಡಿದೇ ಬಂದಳು. “ಹಂಗಾರ ನಿಮ್ಮ ಸೊಂಟಕ್ಕೂ ತೋರಸ್ತೀನಿ, ತಡೀರಿ.”

ದೊಡ್ಡಪ್ಪ ಯಾರ ಆಸರೆಯೂ ಇಲ್ಲದೆ ಮಂಚದಿಂದ ಜಿಗಿದರು.

ಒಂದೇ ದಿನ ಎರಡು ಕೇಸು. ಎರಡೂ ಎದ್ದು ನಿಂತಿವೆ.