ಹನ್ನೊಂದು ಒಂದುಗಳು

ವಡೋದರದ ಫತೇಗಂಜ್‌ನಲ್ಲಿ ನಾನು ಓದುತ್ತಿದ್ದಾಗ, ಕೆಳಗಿನ ಮನೆಯಲ್ಲಿ ಹುಬ್ಬಳ್ಳಿ ಕಡೆಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರೊಂದಿಗೆ ಕನ್ನಡ ಮಾತಾಡುವವನು ನಾನೊಬ್ಬನೇ. ಸಂಜೆ ಮೆಟ್ಟಿಲ ಮೇಲೆ ಕೂತು, ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸುತ್ತ, ಒಂದೇ ಸಂಖ್ಯೆಯನ್ನು ಭಾಗಿಸುತ್ತಿದ್ದರು: ಸಾಲಾಗಿ ಬರೆದ ಹನ್ನೊಂದು ಒಂದುಗಳು. ಶೇಷ ಉಳಿಯದಂತೆ ಅದನ್ನು ಯಾವ ಸಂಖ್ಯೆ ಒಡೆಯುತ್ತದೆ ಎಂಬುದೇ ಅವರ ಹುಡುಕಾಟ. "ಎಲ್ಲಿಗೆ ಬಂತು?" ಎಂದು ಕೇಳಿದರೆ, "ಅವಸರ ಏನೈತಿ? ನಡದೈತಿ," ಎನ್ನುವರು. ಎರಡರಿಂದ ಶುರುಮಾಡಿ ಹದಿನೆಂಟು ಸಾವಿರ ದಾಟಿದ್ದರು.

ಒಂದು ದಿನ ನೆರವಾಗುವ ಉತ್ಸಾಹದಲ್ಲಿ ಮೊಬೈಲಿನಲ್ಲಿ ನೋಡಿ, "ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಹೋಗುತ್ತೆ ಅಂಕಲ್," ಎಂದುಬಿಟ್ಟೆ. ಅವರು ನಿಧಾನವಾಗಿ ಭಾಗಿಸಿ ನೋಡಿದರು. ಶೇಷ ಉಳಿಯಲಿಲ್ಲ. "ಖರೇನ ಐತಿ," ಎಂದು ನೋಟ್‌ಬುಕ್ ಮುಚ್ಚಿ ಒಳಗೆ ಹೋದರು.

ಆಮೇಲೆ ನಾಲ್ಕು ಸಂಜೆ ಅವರು ಹೊರಗೆ ಬರಲಿಲ್ಲ. ಐದನೆಯ ದಿನ ನಾನೇ ಬಾಗಿಲು ತಟ್ಟಿ, "ಹತ್ತೊಂಬತ್ತು ಒಂದುಗಳನ್ನ ಸಾಲಾಗಿ ಬರೆದು ನೋಡ್ತೀರಾ?" ಎಂದೆ.

"ಅದರ ಉತ್ತರಾನೂ ಮೊಬೈಲಿನ್ಯಾಗ ನೋಡಿಯೇನು?"

"ಇಲ್ಲ ಅಂಕಲ್."

ನೋಡಿದ್ದೆ. ತನ್ನನ್ನೂ ಒಂದನ್ನೂ ಬಿಟ್ಟರೆ ಅದನ್ನು ಒಡೆಯುವ ಸಂಖ್ಯೆಯೇ ಇಲ್ಲ.

ಅವರು ಪೆನ್ಸಿಲ್ ಹುಡುಕತೊಡಗಿದರು.