ಪಾದ್ರಿಗಳ ಪಾಲಿನ ಮಾತ್ರೆ

ಸವಾಯಿ ದ್ವೀಪದ ಫುಆಟಿನೋಗೆ ಶಾರ್ಕಿನ ಭಯವಿರಲಿಲ್ಲ, ಚಂಡಮಾರುತದ ಭಯವೂ ಇರಲಿಲ್ಲ. ಇನ್ಸುಲಿನ್ ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಸಕ್ಕರೆ ಕಾಯಿಲೆಗೆ ಅಕ್ಕನ ಕಾಲು ಹೋದದ್ದನ್ನು ಕಣ್ಣಾರೆ ಕಂಡಿದ್ದರೂ ಸೂಜಿಯ ಹೊತ್ತಿಗೆ ಅವಳಿಗೆ ಎಲ್ಲಿಲ್ಲದ ಮರೆವು.

ಹೀಗಿರುವಾಗ ಬ್ರಿಸ್ಬೇನಿನ ಡಾಕ್ಟರ್ ಹೇಲಿ ಪ್ರಯೋಗದ ಮಾತ್ರೆ ತಂದಳು.

"ಇನ್ಸುಲಿನ್ ಅನ್ನೋದು ಪ್ರೋಟೀನ್ ಅಮ್ಮ. ಹಾಗೇ ನುಂಗಿದ್ರೆ ಹೊಟ್ಟೆ ಅದನ್ನ ಮೀನಿನ ಥರ ಅರಗಿಸಿಬಿಡತ್ತೆ. ಅದಕ್ಕೇ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಪೊಟ್ಟಣದಲ್ಲಿ ಸುತ್ತಿದೀವಿ. ಕರುಳಿಗೆ ಹೋದ್ಮೇಲೇ ಬಿಚ್ಕೊಳತ್ತೆ."

"ನಾವು ತೆಂಗಿನಹಾಲನ್ನ ಕೆಸುವಿನೆಲೇಲಿ ಸುತ್ತಿ ಬೇಯಿಸಲ್ವೇ, ಹಂಗೆ!"

"ಹಂಗೇ. ಸಕ್ಕರೆ ಇಳಿದ್ರೆ ಸೂಜಿಗೆ ರಜಾ. ಇಳೀಲಿಲ್ಲ ಅಂದ್ರೆ ಮತ್ತೆ ಸೂಜೀನೇ."

ಫುಆಟಿನೋ ಸೀಸೆಯನ್ನು ಎದೆಗೊತ್ತಿಕೊಂಡಳು. ಆದರೆ ಆ ಊರಿನಲ್ಲಿ ಒಳ್ಳೆಯದು ಯಾವುದು ಬಂದರೂ ಮೊದಲ ಪಾಲು ಪಾದ್ರಿಗಳದ್ದು. ಪಾದ್ರಿ ಎಲೀಸಾರರಿಗೂ ಸಕ್ಕರೆ ಇತ್ತು. ಊರಿಗೆ ಊರೇ ಭಾನುವಾರ ಹಂದಿ ಸುಟ್ಟು ಉಣಿಸಿದರೆ ಇನ್ನೇನು ಬಂದೀತು? "ಒಳ್ಳೇ ಸೀಸೆ ಕಣಮ್ಮ," ಎಂದರು ಅವರು. ಅಷ್ಟು ಸಾಕಾಯಿತು. ಕೊಡದೆ ಇಟ್ಟುಕೊಂಡಳು ಎನಿಸಿಕೊಳ್ಳುವ ನಾಚಿಕೆ ಸೂಜಿಗಿಂತ ಚೂಪು. ಅದೂ, ಆಮೇಲೆ ಹೇಲಿ ಕೊಟ್ಟ ಸೀಸೆಗಳೂ ಮುಚ್ಚಳ ತೆರೆಯದೆ ಪಾದ್ರಿಗಳ ಮನೆ ಸೇರಿದವು.

ಪಾದ್ರಿಗಳ ಸಕ್ಕರೆ ಇಳಿಯಿತು. ಅದು ಪ್ರಾರ್ಥನೆಯ ಫಲವೆಂದು ಅವರು ವೇದಿಕೆಯಿಂದಲೇ ಸಾರಿದರು. ಫುಆಟಿನೋಳ ಸಕ್ಕರೆ ಏರಿತು, ಪಾದದ ಹುಣ್ಣು ಮಾಯಲಿಲ್ಲ. ಪೊಟ್ಟಣ ಬಿಚ್ಚಿಕೊಳ್ಳುತ್ತಿಲ್ಲವೇಕೆ ಎಂದು ಬ್ರಿಸ್ಬೇನಿನಲ್ಲಿ ಪಂಡಿತರು ಸಭೆಯ ಮೇಲೆ ಸಭೆ ನಡೆಸಿದರು.

ಕಾರಣ ಹುಡುಕಿಕೊಂಡು ಬಂದ ಹೇಲಿಯನ್ನು ಭಾನುವಾರ ಪಾದ್ರಿಗಳೇ ಊಟಕ್ಕೆ ಕರೆದರು. ಊಟಕ್ಕೆ ಮುಂಚೆ ಯಾವ ಮನೆಯಿಂದ ಏನು ಬಂತೆಂದು ಅಂಗಳದಲ್ಲಿ ನಿಂತು ಕೂಗುವುದು ಪದ್ಧತಿ.

"ಫುಆಟಿನೋ ಮನೆಯಿಂದ ಒಂದು ಹಂದಿ! ಒಂದು ಬುಟ್ಟಿ ಕೆಸುವಿನ ಗೆಡ್ಡೆ! ಸೂಜಿ ಬೇಡದ ಸಕ್ಕರೆ ಮಾತ್ರೆ, ಒಂದು ಸೀಸೆ!"

ಹೇಲಿ ಪಕ್ಕದಲ್ಲಿದ್ದ ಫುಆಟಿನೋಳತ್ತ ತಿರುಗಿದಳು. "ಅಮ್ಮ, ಇಡೀ ಸೀಸೇನೇ ಕೊಟ್ಬಿಟ್ರಾ?"

"ಮತ್ತೆ? ನಾನು ತಿಂದು ಮಿಕ್ಕಿದ್ದನ್ನ ಅಯ್ಯನೋರ್ಗೆ ಕೊಡಕ್ಕಾಗತ್ತಾ?"

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ದೇವರು ಯಾವ ದಾರೀಲಿ ಬರ್ತಾನೋ ಯಾರು ಬಲ್ಲರು," ಎಂದು ಹಂದಿಯ ಬೆನ್ನಿನ ತುಂಡಿಗೆ ಕೈ ಹಾಕಿದರು.

ಪ್ರಯೋಗದ ಪಟ್ಟಿಯಿಂದ ಫುಆಟಿನೋಳ ಹೆಸರು ಹೋಯಿತು. ಹೇಲಿ ಚೀಲದಿಂದ ಸೂಜಿ ತೆಗೆದಳು. ಫುಆಟಿನೋ ಕಣ್ಣು ಮುಚ್ಚಿ ತೋಳು ಚಾಚಿದಳು.

"ಚುಚ್ಚು ಮಗಳೇ. ಇದರಲ್ಲಾದ್ರೆ ಯಾರೂ ಪಾಲು ಕೇಳಲ್ಲ."